ಶೆಲ್ಫ್ ಖಾಲಿ, ಗೋದಾಮಿನಲ್ಲಿ ಮಾಲು: ಇಲ್ಲದ್ದನ್ನ ಎಣಿಸೋದು ಹೇಗೆ?

ಇವತ್ತಿನ ಸಂಚಿಕೆಯಲ್ಲಿ ಒಂದು ಸಣ್ಣ ಲೆಕ್ಕದ ಬಗ್ಗೆ ಮಾತಾಡೋಣ. ಅಂಗಡಿಯಲ್ಲಿ ಇಲ್ಲದ ಮಾಲನ್ನ ಎಣಿಸುವ ಲೆಕ್ಕ.

ಮೂರು ವರ್ಷ ನಾನು ಬಸವಕಲ್ಯಾಣ, ಹುಮನಾಬಾದ್ ಅಂಗಡಿಗಳಲ್ಲಿ ಇದೇ ಕೆಲಸ ಮಾಡಿದೆ. ಬೆಳಗ್ಗೆ ಒಂದೂರು, ಮಧ್ಯಾಹ್ನ ಬಸ್ಸು ಹತ್ತಿ ಇನ್ನೊಂದೂರು. ಮೊಬೈಲಿನಲ್ಲಿ 40 ಐಟಂಗಳ ಪಟ್ಟಿ. ಶೆಲ್ಫ್ ಮುಂದೆ ನಿಂತು 'ಇದೆ', 'ಇಲ್ಲ' ಅಂತ ಒತ್ತುತ್ತಾ ಹೋಗೋದು. 40ರಲ್ಲಿ 5 ಇಲ್ಲ ಅಂದ್ರೆ ಶೇ. 12.5. ಗಣಿತ ಇಷ್ಟೇ.

ಆದರೆ ಖಾಲಿ ಜಾಗ ಸುಲಭವಾಗಿ ಕಣ್ಣಿಗೆ ಬೀಳೋದಿಲ್ಲ. ಅಂಗಡಿ ಹುಡುಗರು ಪಕ್ಕದ ಸೋಪು ಸರಿಸಿ ಮುಚ್ಚಿರ್ತಾರೆ. ಅದಕ್ಕೇ ಪಟ್ಟಿಯ ಒಂದೊಂದು ಹೆಸರು ಓದಿ ಶೆಲ್ಫ್‌ನಲ್ಲಿ ಹುಡುಕಬೇಕು. ಆ ಅಂಗಡಿ ಎಂದೂ ಇಡದ ಮಾಲನ್ನ ಮೊದಲೇ ಪಟ್ಟಿಯಿಂದ ತೆಗೀಬೇಕು, ಇಲ್ಲಾಂದ್ರೆ ಸಣ್ಣ ಕಿರಾಣಿಯವರ ಮೇಲೆ ಸುಮ್ಮನೆ ತಪ್ಪು ಬೀಳ್ತದೆ. ಹೊತ್ತೂ ಮುಖ್ಯ. ಬೆಳಗ್ಗೆ ತುಂಬಿದ ಶೆಲ್ಫ್ ಸಂತೆ ದಿನ ಸಂಜೆ ಬೇರೇನೇ ಕಾಣ್ತದೆ.

ಇನ್ನು ಕಂಪ್ಯೂಟರ್. ಒಂದ್ಸಲ ಹುಮನಾಬಾದಿನ ಒಂದು ಅಂಗಡಿಯಲ್ಲಿ ಕೂಸಿನ ಹಾಲಿನ ಪುಡಿ ಕಾಣಲಿಲ್ಲ. ಬಿಲ್ಲಿಂಗ್ ಕಂಪ್ಯೂಟರ್ 6 ಡಬ್ಬಿ ತೋರಿಸ್ತಿತ್ತು. ನನಗೆ ಬಸ್ಸಿಗೆ ಹೊತ್ತಾಗಿತ್ತು. 'ಇದೆ' ಅಂತ ಒತ್ತಿಬಿಟ್ಟೆ.

ಮುಂದಿನ ವಾರ ಹೋದಾಗ ಕೌಂಟರಿನಲ್ಲಿ ಹಳ್ಳಿಯಿಂದ ಬಂದ ಒಬ್ಬ ಅಜ್ಜಿ. "ಹ್ವಾದ ವಾರನೂ ಇಲ್ಲಂದ್ರಿ, ಇವತ್ತೂ ಇಲ್ಲಂತೀರಿ. ಕೂಸಿಗಿ ಏನ್ ಕೊಡ್ಲಿ ಯಪ್ಪಾ?" ಸಾಹುಕಾರ್ರು ನನ್ನ ಕಡೆ ಕೈ ತೋರಿಸಿದ್ರು: "ಇವ್ರು ಅದ ಅಂತ ಬರದಾರ. ಅದಕ್ಕ ಹೊಸ ಮಾಲು ಬಂದಿಲ್ಲ ನೋಡ್ರಿ."

ಗೋದಾಮು ಹೊಕ್ಕು ಹುಡುಕಿದೆವು. ಎಣ್ಣೆ ಡಬ್ಬಿಗಳ ಹಿಂದೆ ಆರೂ ಡಬ್ಬಿ ಕೂತಿದ್ದವು. ಎರಡರ ತಾರೀಖು ಮುಗಿದಿತ್ತು. ಹೋದ ವಾರ 'ಇಲ್ಲ' ಅಂತ ಒತ್ತಿದ್ದರೆ ಅವತ್ತೇ ಹುಡುಕ್ತಿದ್ದರು, ಅಜ್ಜಿ ಎರಡು ಸಲ ಬಸ್ ಚಾರ್ಜು ಕೊಡಬೇಕಿರಲಿಲ್ಲ.

ಇದು ನಮ್ಮ ಕಡೆಯದಷ್ಟೇ ಕತೆಯಲ್ಲ. 2002ರಲ್ಲಿ ಥಾಮಸ್ ಗ್ರೂಯೆನ್, ಡೇನಿಯಲ್ ಕಾರ್ಸ್ಟೆನ್, ಸುಂದರ್ ಭಾರದ್ವಾಜ್ ಹಲವು ದೇಶಗಳ ಅಂಗಡಿಗಳ ಅಧ್ಯಯನಗಳನ್ನ ಒಟ್ಟುಗೂಡಿಸಿದರು. ಸರಾಸರಿ ಶೇ. 8.3ರಷ್ಟು ಮಾಲು ಶೆಲ್ಫ್‌ನಲ್ಲಿ ಇರಲಿಲ್ಲ. ಅದರಲ್ಲಿ ಸುಮಾರು ಕಾಲು ಪಾಲು ಅಂಗಡಿಯೊಳಗೇ ಇದ್ದೂ ಶೆಲ್ಫಿಗೆ ಬಂದಿರದ ಮಾಲು. ಇನ್ನೂ ದೊಡ್ಡ ಪಾಲು ಅಂಗಡಿಯವರು ಆರ್ಡರ್ ಹಾಕೋದರಲ್ಲಿ ಆದ ಎಡವಟ್ಟು. ಬೇಕಾದ್ದು ಸಿಗದಿದ್ದಾಗ 31 ಪರ್ಸೆಂಟ್ ಗಿರಾಕಿಗಳು ಬೇರೆ ಅಂಗಡಿಗೆ ಹೋಗ್ತಾರಂತೆ. ಆ ಅಜ್ಜಿ ಮತ್ತೆ ಅದೇ ಅಂಗಡಿಗೆ ಬಂದಿದ್ದು ಸಾಹುಕಾರ್ರ ಪುಣ್ಯ.

ಆಮೇಲೆ ನನ್ನ ನೋಟ್‌ಬುಕ್ಕಿನಲ್ಲಿ ಮೂರನೇ ಕಾಲಂ ಹಾಕಿಕೊಂಡೆ: 'ಗೋದಾಮಿನಲ್ಲಿದೆ'. ಅದಕ್ಕೆ ಪ್ರತಿ ಅಂಗಡಿಗೂ ಹತ್ತು ನಿಮಿಷ ಹೆಚ್ಚು. ಮೂರೂವರೆ ಬಸ್ಸು ಬಿಟ್ಟು ನಾಲ್ಕೂವರೆಗೆ ಹೊರಡ್ತಿದ್ದೆ.