ಫೆರೋಎಲೆಕ್ಟ್ರಿಕ್ ಆಕ್ಸೈಡ್‌ಗಳ ಅತಿಶೀಘ್ರ ಗತಿವಿಜ್ಞಾನ

ಫೆರೋಎಲೆಕ್ಟ್ರಿಕ್ ಆಕ್ಸೈಡ್‌ಗಳ ಅತಿಶೀಘ್ರ ಗತಿವಿಜ್ಞಾನವು ಘನವಸ್ತು ಭೌತಶಾಸ್ತ್ರದ ಒಂದು ಅಧ್ಯಯನ ಕ್ಷೇತ್ರ. ಈ ಬಗೆಯ ಸ್ಫಟಿಕಗಳ ಮೇಲೆ ಅತಿ ಕಿರಿದಾದ ಬೆಳಕಿನ ಸ್ಪಂದಗಳನ್ನು ಹಾಯಿಸಿದಾಗ ಅವುಗಳೊಳಗಿನ ಪರಮಾಣುಗಳು ಹೇಗೆ ಚಲಿಸುತ್ತವೆ ಎಂಬುದು ಇದರ ವಿಷಯ. ಇಲ್ಲಿ ಕಾಲದ ಅಳತೆ ಫೆಮ್ಟೋಸೆಕೆಂಡ್. ಒಂದು ಸೆಕೆಂಡನ್ನು ಕೋಟಿ ಭಾಗ ಮಾಡಿ, ಅದರಲ್ಲೊಂದು ಭಾಗವನ್ನು ಮತ್ತೆ ಹತ್ತು ಕೋಟಿ ಭಾಗ ಮಾಡಿದರೆ ಸಿಗುವ ಅವಧಿಯಿದು. 100 ಫೆಮ್ಟೋಸೆಕೆಂಡ್‌ಗಳಲ್ಲಿ ಬೆಳಕು ಕ್ರಮಿಸುವ ದೂರ ಕೇವಲ 0.03 ಮಿಲಿಮೀಟರ್.

ಹಿನ್ನೆಲೆ

ಹೊರಗಿನ ವಿದ್ಯುತ್ ಕ್ಷೇತ್ರವಿಲ್ಲದೆಯೂ ಧ್ರುವೀಕರಣವನ್ನು ಉಳಿಸಿಕೊಳ್ಳುವ, ಕ್ಷೇತ್ರವನ್ನು ಪ್ರಯೋಗಿಸಿದಾಗ ಅದರ ದಿಕ್ಕನ್ನು ಬದಲಿಸಿಕೊಳ್ಳುವ ವಸ್ತುಗಳನ್ನು ಫೆರೋಎಲೆಕ್ಟ್ರಿಕ್ ವಸ್ತುಗಳೆನ್ನುತ್ತಾರೆ. ಹೆಸರಿನಲ್ಲಿ 'ಫೆರೋ' ಇದ್ದರೂ ಕಬ್ಬಿಣಕ್ಕೂ ಇವುಗಳಿಗೂ ಸಂಬಂಧವಿಲ್ಲ; ಕಾಂತವಸ್ತುಗಳ ಹೋಲಿಕೆಯಿಂದ ಬಂದ ಹೆಸರಷ್ಟೆ. ಬೇರಿಯಂ ಟೈಟನೇಟ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದರ ಟೈಟೇನಿಯಂ ಅಯಾನು, ತನ್ನನ್ನು ಸುತ್ತುವರಿದ ಆರು ಆಮ್ಲಜನಕ ಅಯಾನುಗಳ ಕೇಂದ್ರದಿಂದ ತುಸುವೇ ಪಕ್ಕಕ್ಕೆ ಸರಿಯುತ್ತದೆ. ಧ್ರುವೀಕರಣದ ಮೂಲ ಈ ಪಲ್ಲಟದಲ್ಲಿದೆ.

ಇಂತಹ ಬದಲಾವಣೆ ಸಮೀಪಿಸಿದಂತೆ ಸ್ಫಟಿಕದ ಒಂದು ನಿರ್ದಿಷ್ಟ ಕಂಪನದ ಆವೃತ್ತಿ ಕುಗ್ಗುತ್ತಾ ಹೋಗುತ್ತದೆ. ಇದಕ್ಕೆ ಮೃದು ಕಂಪನ ಎಂದು ಹೆಸರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸಿ. ವಿ. ರಾಮನ್ ಮತ್ತು ನೆಡುಂಗಾಡಿ 1940ರಲ್ಲಿ ಕ್ವಾರ್ಟ್ಸ್ ಸ್ಫಟಿಕದ ಕುರಿತು ಪ್ರಕಟಿಸಿದ ವರದಿಯನ್ನು ಇದರ ಮೊದಲ ಸುಳಿವೆಂದು ಪರಿಗಣಿಸಲಾಗುತ್ತದೆ. ಕ್ವಾರ್ಟ್ಸ್ ಫೆರೋಎಲೆಕ್ಟ್ರಿಕ್ ಅಲ್ಲ. ಆದರೂ ಅದರ ರಚನೆ ಬದಲಾಗುವ ಮುನ್ನ ಇದೇ ಲಕ್ಷಣ ಕಂಡಿತ್ತು. ಫೆರೋಎಲೆಕ್ಟ್ರಿಕ್ ವಸ್ತುಗಳಿಗೆ ಈ ವಿಚಾರವನ್ನು ಅನ್ವಯಿಸಿದವರು 1960ರ ಸುಮಾರಿಗೆ ವಿಲಿಯಂ ಕಾಕ್ರನ್ ಮತ್ತು ಫಿಲಿಪ್ ಆಂಡರ್ಸನ್.

ಸ್ಟ್ರಾಂಷಿಯಂ ಟೈಟನೇಟ್

ಈ ಕ್ಷೇತ್ರದ ಅತ್ಯಂತ ಕುತೂಹಲಕರ ವಸ್ತು ಸ್ಟ್ರಾಂಷಿಯಂ ಟೈಟನೇಟ್. ತಂಪುಗೊಳಿಸಿದಂತೆ ಇದರ ಮೃದು ಕಂಪನವೂ ನಿಧಾನಗೊಳ್ಳುತ್ತದೆ. ಕೋಣೆಯ ತಾಪಮಾನದಲ್ಲಿ ಸುಮಾರು 300ರಷ್ಟಿರುವ ಡೈಎಲೆಕ್ಟ್ರಿಕ್ ಸ್ಥಿರಾಂಕವು ನಿರಪೇಕ್ಷ ಶೂನ್ಯದ ಸಮೀಪದಲ್ಲಿ 20,000ವನ್ನು ಮೀರುತ್ತದೆ. ಇಷ್ಟಾದರೂ ಇದು ಫೆರೋಎಲೆಕ್ಟ್ರಿಕ್ ಆಗುವುದಿಲ್ಲ. ಪರಮಾಣುಗಳ ಕ್ವಾಂಟಮ್ ಅಲುಗಾಟವು ಅವುಗಳನ್ನು ಒಂದೆಡೆ ನಿಲ್ಲಗೊಡದು ಎಂಬುದು 1979ರಲ್ಲಿ ಮ್ಯುಲ್ಲರ್ ಮತ್ತು ಬರ್ಕಾರ್ಡ್ ನೀಡಿದ ವಿವರಣೆ. ಮುಂದೆ ಅಧಿಕ ತಾಪಮಾನದ ಅತಿವಾಹಕಗಳಿಗಾಗಿ ನೊಬೆಲ್ ಪಡೆದ ಮ್ಯುಲ್ಲರ್ ಇವರೇ. ಆಮ್ಲಜನಕದ ಬದಲಿಗೆ ಅದರ ಭಾರದ ಐಸೊಟೋಪ್ ಆಮ್ಲಜನಕ-18ನ್ನು ಸೇರಿಸಿದಾಗ ಈ ಸ್ಫಟಿಕ ಸುಮಾರು 23 ಕೆಲ್ವಿನ್‌ಗಿಂತ ಕೆಳಗೆ ಫೆರೋಎಲೆಕ್ಟ್ರಿಕ್ ಆಗುವುದು 1999ರಲ್ಲಿ ಕಂಡುಬಂದಿತು. ಅಂದರೆ ಅದು ಹೊಸ್ತಿಲಿನಲ್ಲಿಯೇ ನಿಂತಿದೆ.

ಅದನ್ನು ಬೆಳಕಿನಿಂದ ಒಳಕ್ಕೆ ತಳ್ಳಬಹುದೆಂದು 2019ರಲ್ಲಿ ಎರಡು ತಂಡಗಳು ಬೇರೆ ಬೇರೆ ಮಾರ್ಗಗಳಲ್ಲಿ ತೋರಿಸಿದವು. ಕೀತ್ ನೆಲ್ಸನ್ ಅವರ ತಂಡವು ಪ್ರಬಲವಾದ ಟೆರಾಹರ್ಟ್ಸ್ ಸ್ಪಂದದಿಂದ ಮೃದು ಕಂಪನವನ್ನೇ ನೇರವಾಗಿ ತಳ್ಳಿತು. ಆಂಡ್ರಿಯಾ ಕವಲ್ಲೇರಿ ಅವರ ತಂಡವು ಮಧ್ಯಮ ಅವಗೆಂಪು ಬೆಳಕಿನಿಂದ ಬೇರೊಂದು ಹೆಚ್ಚಿನ ಆವೃತ್ತಿಯ ಕಂಪನವನ್ನು ಎಬ್ಬಿಸಿತು. ಎರಡನೆಯ ಪ್ರಯೋಗದಲ್ಲಿ ಮೂಡಿದ ಧ್ರುವೀಯ ಸ್ಥಿತಿಯು ಬೆಳಕನ್ನು ನಿಲ್ಲಿಸಿದ ಮೇಲೂ ಗಂಟೆಗಟ್ಟಲೆ ಉಳಿಯಿತು. 290 ಕೆಲ್ವಿನ್‌ಗೂ ಮೇಲಿನ ತಾಪಮಾನದಲ್ಲಿಯೂ ಅದನ್ನು ಪ್ರೇರೇಪಿಸಲು ಸಾಧ್ಯವಾಯಿತು. ಬೆಳಕು ಸ್ಫಟಿಕದಲ್ಲಿ ಅಸಮವಾದ ಸೆಳೆತವನ್ನು ಉಂಟುಮಾಡಿ ಧ್ರುವೀಕರಣಕ್ಕೆ ಕಾರಣವಾಗುತ್ತದೆ ಎಂಬುದು ಆ ತಂಡದ ಊಹೆ.

ಇಂತಹ ಸ್ಥಿತಿಯನ್ನು ಪತ್ತೆ ಹಚ್ಚಲು ಸ್ಫಟಿಕದ ಸೌಷ್ಠವವನ್ನು ಬಳಸಲಾಗುತ್ತದೆ. ಸೌಷ್ಠವದ ಕೇಂದ್ರವಿರುವ ಸ್ಫಟಿಕದ ಒಡಲು ತನ್ನ ಮೇಲೆ ಬಿದ್ದ ಬೆಳಕಿನ ಆವೃತ್ತಿಯನ್ನು ಇಮ್ಮಡಿಗೊಳಿಸಲಾರದು. ಧ್ರುವೀಯ ಸ್ಫಟಿಕವಾದರೆ 800 ನ್ಯಾನೊಮೀಟರ್ ಬೆಳಕಿನ ಒಂದಂಶವನ್ನು 400 ನ್ಯಾನೊಮೀಟರ್‌ಗೆ ಪರಿವರ್ತಿಸುತ್ತದೆ. ಆದರೆ ಈ ಸಂಕೇತವೊಂದೇ ಸಾಲದು. ಸ್ಥಳೀಯವಾಗಿ ಹೊಂದಿಕೊಂಡ ಸಣ್ಣ ಗುಂಪುಗಳೂ ಇದನ್ನು ನೀಡಬಲ್ಲವಾದ್ದರಿಂದ, ಟೆರಾಹರ್ಟ್ಸ್ ಪ್ರಯೋಗದಲ್ಲಿ ಕಂಡದ್ದು ಸ್ಫಟಿಕದಾದ್ಯಂತ ಹರಡಿದ ನಿಜವಾದ ಫೆರೋಎಲೆಕ್ಟ್ರಿಕ್ ಕ್ರಮವೇ ಎಂಬ ಪ್ರಶ್ನೆಯನ್ನು ನಂತರದ ಅಧ್ಯಯನಗಳು ಎತ್ತಿವೆ. ಪರಮಾಣುಗಳ ಸ್ಥಾನವನ್ನು ನೇರವಾಗಿ ಅಳೆಯಲು ಕ್ಷ-ಕಿರಣ ಲೇಸರ್‌ಗಳ ಸ್ಪಂದಗಳನ್ನು ಬಳಸುತ್ತಾರೆ.

ಪದರಿತ ಆಕ್ಸೈಡ್‌ಗಳು

ಎರಡು ಆಕ್ಸೈಡ್‌ಗಳನ್ನು ಕೆಲವೇ ಪರಮಾಣುಗಳ ದಪ್ಪದ ಪದರಗಳಾಗಿ ಒಂದರ ಮೇಲೊಂದು ಬೆಳೆಸಿದಾಗ, ಒಂದು ಪದರದ ಒಲವಿಗೆ ಇನ್ನೊಂದು ಅಡ್ಡಿಯಾಗುತ್ತದೆ. ಸೀಸದ ಟೈಟನೇಟ್ ಮತ್ತು ಸ್ಟ್ರಾಂಷಿಯಂ ಟೈಟನೇಟ್‌ಗಳ ಇಂತಹ ಜೋಡಣೆಯ ಮೇಲೆ ಒಂದು ಪಿಕೋಸೆಕೆಂಡಿಗಿಂತಲೂ ಕಿರಿದಾದ ಬೆಳಕಿನ ಸ್ಪಂದಗಳನ್ನು ಹಾಯಿಸಿದಾಗ, ಮೂರೂ ದಿಕ್ಕುಗಳಲ್ಲಿ ನ್ಯಾನೊಮೀಟರ್ ಅಳತೆಯಲ್ಲಿ ಪುನರಾವರ್ತಿಸುವ 'ಮಹಾಸ್ಫಟಿಕ' ರಚನೆ ಮೂಡಿತೆಂದು 2019ರಲ್ಲಿಯೇ ವರದಿಯಾಯಿತು. ಸಾಮಾನ್ಯ ವಾತಾವರಣದಲ್ಲಿ ಅದು ಹಾಗೆಯೇ ಉಳಿಯುತ್ತದೆ, ಕಾಯಿಸಿದರೆ ಅಳಿಸಿಹೋಗುತ್ತದೆ.