ಗುಮ್ಮ ಎಲ್ಲಿದ್ದಾನೆ?

ಪುಣೆ ಜಿಲ್ಲೆಯ ಭೋರ್‌ನಲ್ಲಿ ನಮ್ಮಕ್ಕನ ಮನೆ. ಹೋದ ರಜೆಯಲ್ಲಿ ಅಲ್ಲಿಗೆ ಹೋಗಿ ಬಾಗಿಲು ಬಡಿದರೆ, ಐದು ವರ್ಷದ ಸೋದರಳಿಯ ಕಿಟಕಿಯಿಂದ ನೋಡಿ "ಮಕ್ಕಳ ಕಳ್ಳ ಬಂದಾನ!" ಎಂದು ಒಳಗೋಡಿದ. ಅಕ್ಕ ನಗುತ್ತ ಬಂದಳು. "ನಾನ ಹೆದರಿಸಿಟ್ಟೀನೋ. ಇಲ್ಲಾಂದ್ರ ಓಣ್ಯಾಗ ಓಡ್ತಾನ."

ನಗೆ ಮುಗಿಯುವುದರೊಳಗೆ ಹತ್ತು ತಿಂಗಳ ಕೂಸು ಅಂಬೆಗಾಲಿಕ್ಕುತ್ತ ಬಚ್ಚಲು ಸೇರಿತ್ತು. ಅಲ್ಲಿ ಬಕೆಟ್ ತುಂಬ ನೀರು. ಎತ್ತಿಕೊಂಡು ಬಂದೆ, ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಆದರೆ ಗೆಳೆಯರೇ, ಕೂಸಿನ ತಲೆ ಅದರ ಮೈಯ ಅಳತೆಗೆ ಬಲು ಭಾರ. ಬಕೆಟ್‌ನಲ್ಲಿ ತಲೆಕೆಳಗಾಗಿ ಬಿದ್ದರೆ ಅದು ತಾನಾಗಿ ಮೇಲೇಳಲಾರದು. ಗೇಣುದ್ದ ನೀರೂ ಬೇಕಿಲ್ಲ. ಸಿನಿಮಾದಲ್ಲಿ ಕಾಣುವಂತೆ ಕೂಗಾಟವೂ ಇರುವುದಿಲ್ಲ. ಮುಳುಗುವ ಮಗು ಸದ್ದಿಲ್ಲದೆ ಮುಳುಗುತ್ತದೆ. ಭೋರ್ ಅಂತೂ ನೀರಿನ ಊರು. ಊರೊಳಗೆ ನೀರಾ ನದಿ, ಹತ್ತಿರದಲ್ಲೇ ಭಾಟಘರ್ ಅಣೆಕಟ್ಟು. 2022ರ ಮೇ ತಿಂಗಳಲ್ಲಿ ಅದರ ಹಿನ್ನೀರಿನಲ್ಲಿ ಐವರು ಹೆಂಗಸರು ಮುಳುಗಿ ಸತ್ತರು. ದೊಡ್ಡವರಿಗೇ ಹೀಗಾದರೆ ಮಕ್ಕಳ ಪಾಡೇನು?

ನಾವು ಮಾತ್ರ ಗುಮ್ಮನನ್ನು ಹೊರಗೆ ಹುಡುಕುತ್ತೇವೆ. (ನಾನೂ ಗುಮ್ಮನಿಗೆ ಹೆದರಿಯೇ ಉಂಡು ಬೆಳೆದವನು, ಇರಲಿ.) ಈ ಹೆದರಿಕೆ ಎಲ್ಲಿಗೆ ಮುಟ್ಟಿತು ನೋಡಿ. 2018ರ ಜುಲೈ 1ರಂದು ಧುಳೆ ಜಿಲ್ಲೆಯ ರಾಯಿನಪಾಡಾದಲ್ಲಿ, ಮಂಗಳವೇಢೆ ಕಡೆಯಿಂದ ಹೊಟ್ಟೆಪಾಡಿಗೆ ಹೋಗಿದ್ದ ಐವರು ಅಲೆಮಾರಿಗಳನ್ನು ಮಕ್ಕಳ ಕಳ್ಳರೆಂದು ಜನ ಹೊಡೆದು ಕೊಂದರು. ಎರಡೇ ವಾರದಲ್ಲಿ ನಮ್ಮ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಇನ್ನೊಂದು ಕೊಲೆ. ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಗುಂಪಿನವರೊಬ್ಬರು ಶಾಲೆಯ ಮಕ್ಕಳಿಗೆ ಚಾಕಲೇಟು ಕೊಟ್ಟಿದ್ದರು, ಅಷ್ಟೆ. ಅವರಲ್ಲೊಬ್ಬ ಎಂಜಿನಿಯರ್ ಪ್ರಾಣ ಬಿಟ್ಟ.

ಹಾಗಾದರೆ ಕೆಡುಕರೇ ಇಲ್ಲವೆ? ಇದ್ದಾರೆ. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2021ರ ಲೆಕ್ಕ ತೆಗೆದರೆ, ಮಕ್ಕಳ ಮೇಲಿನ ಅತ್ಯಾಚಾರದ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕಡೆ ಆರೋಪಿ ಮಗುವಿಗೆ ಗೊತ್ತಿದ್ದವನೇ. ನೆಂಟ, ನೆರೆಯವ, ಮನೆಗೆ ಬಂದು ಹೋಗುವವ. "ಗುರುತಿಲ್ಲದವರ ಹತ್ತಿರ ಹೋಗಬೇಡ" ಎಂಬ ಪಾಠ ಇಲ್ಲಿ ಏನೂ ಕೆಲಸಕ್ಕೆ ಬಾರದು.

ಆದ್ದರಿಂದ ಆಳು ಯಾರು ಅನ್ನುವುದನ್ನು ಬಿಟ್ಟು, ಏನು ಮಾಡುತ್ತಾನೆ ಅನ್ನುವುದನ್ನು ಗಮನಿಸಲು ಮಕ್ಕಳಿಗೆ ಕಲಿಸಬೇಕು ಅಂತ ನನಗನ್ನಿಸುತ್ತದೆ. ಚಡ್ಡಿಯೊಳಗೆ ಕೈಹಾಕುವವರು, "ಅವ್ವಗ ಹೇಳಬ್ಯಾಡ" ಅನ್ನುವವರು ಯಾರೇ ಆಗಿರಲಿ, ಓಡಿಬಂದು ಹೇಳಬೇಕು. ಹೇಳಿದ ಮಗುವನ್ನು ಮೊದಲು ಬೈಯಬಾರದು. ಒಮ್ಮೆ ಬೈಸಿಕೊಂಡದ್ದು ಮತ್ತೆ ಬಾಯಿ ಬಿಡುವುದಿಲ್ಲ. ಇನ್ನು ಜಾತ್ರೆಯಲ್ಲಿ ತಪ್ಪಿಸಿಕೊಂಡರೆ? ನಿಂತಲ್ಲೇ ನಿಂತು, ಮಕ್ಕಳನ್ನು ಕರೆದುಕೊಂಡು ಬಂದ ಹೆಂಗಸನ್ನು ಕೇಳಬೇಕು. ಅವಳೂ ಅಪರಿಚಿತಳೇ ಅಲ್ವಾ! ಎಲ್ಲರಿಗೂ ಹೆದರುವ ಮಗು ಆಗ ಯಾರನ್ನು ಕೇಳೀತು? ಸಹಾಯಕ್ಕೆ 1098 ಇದೆ, ಫೋನಿಗೆ ಕಾಸಿಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಇಂಥದ್ದು ಗೊತ್ತಾದವರು, ಅಂದರೆ ನಾವು ನೀವು ಕೂಡ, ಪೊಲೀಸರಿಗೆ ತಿಳಿಸಲೇಬೇಕು.

ಹೊರಡುವ ದಿನ ಬಚ್ಚಲಿನ ಬಕೆಟ್ ಬೋರಲಾಗಿತ್ತು. ಅಳಿಯನನ್ನು ಕೇಳಿದೆ: "ಯಾರರ ಅವ್ವಗ ಹೇಳಬ್ಯಾಡ ಅಂದ್ರ?"

"ಹೇಳ್ತೀನಿ."

"ಮಾಮಾ ಅಂದ್ರೂ?"

ತುಸು ಹೊತ್ತು ನನ್ನ ಮುಖ ನೋಡಿದ. "ನೀ ಅಂದ್ರೂ ಹೇಳ್ತೀನಿ."