ಪುಟ್ಟ ಪಿಕಪ್ ಬೆಳೆದ ಬಗೆ

ಅಮೆರಿಕದ ಫೋರ್ಡ್ ರೇಂಜರ್ ಪಿಕಪ್‌ನ 1983ರ ಚಿಕ್ಕ ಮಾದರಿ ಸುಮಾರು ನಾಲ್ಕೂವರೆ ಮೀಟರ್ ಉದ್ದವಿತ್ತು. 2011ರಲ್ಲಿ ಅಲ್ಲಿ ಅದರ ತಯಾರಿಕೆ ನಿಂತಿತು. 2019ರಲ್ಲಿ ಅದೇ ಹೆಸರು ಹೊತ್ತು ಮರಳಿದ್ದು ಐದು ಮೀಟರಿಗೂ ಉದ್ದದ ದಾಂಡಿಗ!

ಏರ್‌ಬ್ಯಾಗು, ಬಾಗಿಲೊಳಗಿನ ಉಕ್ಕಿನ ಪಟ್ಟಿ, ಡಿಕ್ಕಿಯ ಹೊಡೆತ ನುಂಗಿ ಮುದುಡುವ ಮುಂಭಾಗ – ಇವೆಲ್ಲ ಜಾಗ ಬೇಡುತ್ತವೆ, ತೂಕ ಕೂಡಿಸುತ್ತವೆ. ಜೀವ ಉಳಿಸುವುದರಿಂದ ದೂರುವಂತಿಲ್ಲ. ವಿಚಿತ್ರವಿದ್ದುದು ಇಂಧನ ನಿಯಮದಲ್ಲಿ. 2011ರ ಮಾದರಿಗಳಿಂದ ಚಕ್ರಗಳ ನಡುವಿನ ವಿಸ್ತೀರ್ಣ ಹೆಚ್ಚಿದಷ್ಟೂ ಮೈಲೇಜಿನ ಗುರಿ ಸಡಿಲವಾಯಿತು. ಪುಟ್ಟದಕ್ಕೇ ಕಠಿಣ ಪರೀಕ್ಷೆ! ಹೊರಗಿನಿಂದ ತರಿಸೋಣವೆಂದರೆ 1964ರಲ್ಲಿ ಹೇರಿದ ಶೇ 25ರ ಸುಂಕ ಅಡ್ಡವಾಗಿತ್ತು.

ಒಳಗಿದ್ದವರೇನೋ ಕ್ಷೇಮ. ರಸ್ತೆ ದಾಟುವ ಮಗು? ನಲವತ್ತು ಅಂಗುಲಕ್ಕಿಂತ ಎತ್ತರದ ಮೂತಿಯ ವಾಹನ ಬಡಿದರೆ, ತಗ್ಗಾದ ಇಳಿಜಾರು ಮೂತಿಯದಕ್ಕಿಂತ ಪಾದಚಾರಿ ಸಾಯುವ ಸಂಭವ ಸುಮಾರು ಶೇ 45 ಹೆಚ್ಚೆಂದು ಅಲ್ಲಿನ ವಿಮಾ ಕಂಪನಿಗಳ ಸುರಕ್ಷತಾ ಸಂಸ್ಥೆ 2023ರಲ್ಲಿ ಲೆಕ್ಕಹಾಕಿತು.